ಕಲ್ಲುಸೀಗಡಿಗಳು ಸತ್ತ ಬೇಸಿಗೆ

ನಮ್ಮಲ್ಲಿ ಬೇಸಿಗೆ ಶುರುವಾಗುವ ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ದಫಿನಾ ಬಕೆಟ್ ಹಿಡಿದು ಬಂದಳು. ಬಕೆಟ್ಟಿನಲ್ಲಿ ಹನ್ನೊಂದು ಕಲ್ಲುಸೀಗಡಿಗಳಿದ್ದವು. ಏಡಿಯಂಥ ಇಕ್ಕಳಗೈ, ಸೀಗಡಿಯಂಥ ಬಾಲದ ಈ ಪ್ರಾಣಿ ನಮ್ಮ ಬಿಸ್ತ್ರಾ ಹೊಳೆಯ ಕಲ್ಲುಗಳ ಅಡಿಯಲ್ಲಿ ಎಷ್ಟು ತಲೆಮಾರಿನಿಂದ ಇದೆಯೋ ಯಾರಿಗೂ ಗೊತ್ತಿಲ್ಲ. ಹನ್ನೊಂದೂ ಸತ್ತಿದ್ದವು.

"ಸೇತುವೆ ಕೆಳಗೆ ಸಿಕ್ಕಿದ್ವು ಸ್ಟಾಮೆನಾ. ಇನ್ನೂ ಇದಾವೆ. ಎಣಿಸೋಕೆ ಧೈರ್ಯ ಬರ್ಲಿಲ್ಲ."

ದಫಿನಾ ಪಟ್ಟಣದ ನೀರು ಪರೀಕ್ಷಾಲಯದಲ್ಲಿ ಮೂವತ್ತು ವರ್ಷ ದುಡಿದವಳು. ಗಂಡ ತೀರಿಕೊಂಡ ಮೇಲೆ ಅವನ ಊರಾದ ಗೋರ್ನಾ ಲೆಸ್ಕಾಕ್ಕೆ ಬಂದು ನೆಲೆಸಿದ್ದಳು. ತಿಂಗಳಿಗೊಮ್ಮೆ ಹೊಳೆಗಿಳಿದು ಕಲ್ಲು ಮಗುಚಿ, ಯಾವ ಯಾವ ಜೀವಿ ಎಷ್ಟೆಷ್ಟಿವೆ ಎಂದು ಬರೆದು ಪರಿಸರ ಕಚೇರಿಗೆ ಕಳಿಸುತ್ತಿದ್ದಳು. ಅವಳ ಮೈದುನ ವೆಲ್ಕೊ ನೂರನಲವತ್ತು ಕುರಿಗಳ ಯಜಮಾನ. ಅತ್ತಿಗೆಗೆ 'ಹುಳದ ಡಾಕ್ಟರು' ಎಂದು ಹೆಸರಿಟ್ಟವನು ಅವನೇ. ಹೆಸರು ಊರಿಗೆಲ್ಲ ಅಂಟಿಕೊಂಡಿತ್ತು.

ಅವಳು ಯಾಕೆ ಇಷ್ಟು ಹೆದರಿದ್ದಾಳೆಂದು ನನಗೆ ತಿಳಿದಿತ್ತು. ಆರು ವರ್ಷದ ಹಿಂದೆ ಗುಡ್ಡದಾಚೆಯ ಕಣಿವೆಯಲ್ಲಿ ಯಾರೋ ಕೆರೆಗೆ ವಿದೇಶಿ ತಳಿಯ ಕಲ್ಲುಸೀಗಡಿ ತಂದು ಬಿಟ್ಟಿದ್ದರು. ಅವುಗಳ ಮೈಯಲ್ಲಿ ಬೂಷ್ಟಿನಂಥ ಒಂದು ರೋಗವಿರುತ್ತದೆ. ಅವುಗಳಿಗೆ ಅದು ಏನೂ ಮಾಡುವುದಿಲ್ಲ, ನಮ್ಮವಕ್ಕೆ ಮಾತ್ರ ಮೃತ್ಯು. ಒಂದೇ ಬೇಸಿಗೆಯಲ್ಲಿ ಆ ಕಣಿವೆಯ ಹೊಳೆ ಬರಿದಾಯಿತು. ಆಮೇಲೆ ಅಲ್ಲಿ ಒಂದೂ ಕಾಣಲಿಲ್ಲ.

"ನಾನೇ ತಂದೆ ಅನ್ಸುತ್ತೆ ಕಣೇ," ಎಂದಳು ದಫಿನಾ. "ಹೋದ ತಿಂಗಳು ಆ ಹೊಳೆಗೆ ಹೋಗಿದ್ದೆ. ಬೂಟು ಔಷಧಿ ನೀರಲ್ಲಿ ಅದ್ದಿದ್ದೆ, ಬಿಸಿಲಲ್ಲಿ ಒಣಗ್ಸಿದ್ದೆ. ಆದ್ರೂ ಒಂದು ಹನಿ ಸಾಕು. ಕಾಪಾಡ್ತೀನಿ ಅಂತ ಓಡಾಡ್ದವಳು ನಾನೇ ಕೊಂದ್ಬಿಟ್ನಾ?"

"ಸುಮ್ನಿರು ಮಾರಾಯ್ತಿ. ಇನ್ನೂ ಏನಂತ ಗೊತ್ತಿಲ್ಲ."

"ಯಾರಿಗೂ ಹೊಳೆಗೆ ಕಾಲಿಡ್ಬೇಡಿ ಅಂತ ಹೇಳು. ದನಾನೂ ಇಳಿಸ್ಬಾರ್ದು."

ನಾನು ಅಂಗಡಿಗೆ ಬೀಗ ಹಾಕಿ ಅವಳ ಜೊತೆ ಹೊರಟೆ. ಸೇತುವೆಯ ದಾರಿಗೆ ಅಡ್ಡಲಾಗಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದೆವು. ನೀರು ಎಂದಿನಂತೆ ತಿಳಿಯಾಗಿಯೇ ಇತ್ತು. ವಾಸನೆಯೂ ಇರಲಿಲ್ಲ. ಆಳದಲ್ಲಿ ಎರಡು ಮೀನು ಬಾಲ ಆಡಿಸುತ್ತ ನಿಂತಿದ್ದವು. ಆದರೆ ಕಲ್ಲುಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಕಂದು ಬಣ್ಣದ ಮೈ ಸಿಕ್ಕಿಕೊಂಡು ಅಲುಗುತ್ತಿತ್ತು. ಹರಿವಿಗೆ ಅಲುಗುತ್ತಿತ್ತು, ಅಷ್ಟೇ.

ದಫಿನಾ ಅಭ್ಯಾಸಬಲದಿಂದ ಒಂದು ಕಲ್ಲು ಎತ್ತಿದಳು. ಅದರಡಿ ನೋಡಿ ಇನ್ನೊಂದು ಎತ್ತಿದಳು. ಮತ್ತೊಂದು. ಆಮೇಲೆ ದಡದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನಾನು ಹೆಗಲ ಮೇಲೆ ಕೈಯಿಟ್ಟೆ. ಅವಳು ನಗುತ್ತಿದ್ದಳು.

"ಸತ್ತಿದಾವೆ ಸ್ಟಾಮೆನಾ! ಇವೂ ಸತ್ತಿದಾವೆ!"

"ತಲೆ ಕೆಟ್ಟಿದೆಯಾ ನಿಂಗೆ?"

ಅವಳು ಕಲ್ಲನ್ನು ನನ್ನ ಮುಂದೆ ಹಿಡಿದಳು. ಅದಕ್ಕೆ ಅಂಟಿಕೊಂಡು ಅಕ್ಕಿಕಾಳಿನಷ್ಟಿನ ಹುಳಗಳು ಸುರುಟಿಕೊಂಡು ಸತ್ತಿದ್ದವು. ಒಂದು ದಿನದ ನೊಣ ಎನ್ನುತ್ತೇವಲ್ಲ, ರೆಕ್ಕೆ ಬಂದ ಮೇಲೆ ಒಂದೇ ದಿನ ಬದುಕುವುದು, ಅದರ ಮರಿಗಳು. ಮರಳಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಇರುವ ಹುಳಗಳೂ ಸತ್ತಿದ್ದವು. ಅವುಗಳ ಪಕ್ಕದಲ್ಲೇ ಒಂದು ಬಸವನಹುಳು ಮಾತ್ರ ಆರಾಮಾಗಿ ತೆವಳುತ್ತಿತ್ತು.

"ಆ ರೋಗ ಕಲ್ಲುಸೀಗಡಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟಲ್ಲ," ಎಂದಳು. "ಇಲ್ಲಿ ಹುಳ ಎಲ್ಲಾ ಸತ್ತಿದೆ, ಬಸವನಹುಳು ಬದುಕಿದೆ, ಮೀನು ಬದುಕಿದೆ. ಇದು ಕೀಟನಾಶಕ, ಹುಳಾನೂ ಸೀಗಡೀನೂ ಕೊಲ್ಲೋದು. ಯಾರೋ ಮೇಲಿಂದ ಸುರಿದಿದಾರೆ. ವಿಷ ಆದ್ರೆ ಹರ್ಕೊಂಡು ಹೋಗುತ್ತೆ ಕಣೇ. ರೋಗ ಹೋಗಲ್ಲ."

ನಾವು ದಡದ ಮೇಲೆಯೇ ಮೇಲಕ್ಕೆ ನಡೆದೆವು. ನೂರು ಹೆಜ್ಜೆಗೊಮ್ಮೆ ನಿಂತು ಕಲ್ಲು ಮಗುಚಿದೆವು. ಹಳೆಯ ನೀರುಗಿರಣಿಯ ಬಳಿ ಎಲ್ಲ ಸತ್ತಿದ್ದವು. ವಾಲ್ನಟ್ ಮರದ ಬಳಿಯೂ ಹಾಗೆಯೇ. ಅಲ್ಲಿಂದ ಸ್ವಲ್ಪ ಮೇಲೆ ಎಡಗಡೆಯಿಂದ ಒಂದು ಸಣ್ಣ ಕಾಲುವೆ ಬಂದು ಹೊಳೆಗೆ ಸೇರುತ್ತದೆ. ಅದನ್ನು ದಾಟಿ ಎತ್ತಿದ ಮೊದಲ ಕಲ್ಲಿನಡಿ ಹುಳಗಳು ಬೆಳಕು ಕಂಡು ಗಾಬರಿಯಾಗಿ ದಿಕ್ಕಾಪಾಲಾಗಿ ಓಡಿದವು. ಎರಡನೆಯ ಕಲ್ಲಿನಡಿ ದೊಡ್ಡದೊಂದು ಕಲ್ಲುಸೀಗಡಿ ಎರಡೂ ಕೈ ಎತ್ತಿ ನಮ್ಮ ಜೊತೆ ಜಗಳಕ್ಕೆ ನಿಂತಿತು. ದಫಿನಾ ಕಣ್ಣೊರೆಸಿಕೊಂಡಳು.

ಆ ಕಾಲುವೆ ಬರುವುದು ವೆಲ್ಕೊನ ಕುರಿಹಟ್ಟಿಯಿಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹಟ್ಟಿಯಲ್ಲಿ ವೆಲ್ಕೊ ಸಿಮೆಂಟ್ ತೊಟ್ಟಿಯ ಪಕ್ಕ ಮಂಡಿಯೂರಿ ಕೂತಿದ್ದ. ಉಣ್ಣೆ ಕತ್ತರಿಸಿದ ಮೇಲೆ ಉಣ್ಣಿ ಹತ್ತದಿರಲೆಂದು ಕುರಿಗಳನ್ನು ಔಷಧಿ ನೀರಿನಲ್ಲಿ ಮುಳುಗಿಸುವ ತೊಟ್ಟಿ ಅದು. ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಅವನ ಕೈ ತೊಟ್ಟಿಯ ಬುಡದ ಬಿರಟೆಯ ಮೇಲಿತ್ತು.

"ವೆಲ್ಕೊ! ಕೈ ತೆಗಿ!" ಎಂದು ದಫಿನಾ ಕಿರುಚಿದ ರೀತಿಗೆ ಕುರಿಗಳೆಲ್ಲ ತಲೆಯೆತ್ತಿದವು.

"ಏನತ್ತಿಗೆ, ಹುಳಕ್ಕೆ ಜ್ವರ ಬಂತಾ?"

"ನಿನ್ನೆ ಏನು ಸುರಿದೆ ಕಾಲುವೆಗೆ?"

"ಏನೂ ಇಲ್ಲಪ್ಪ. ಡಬ್ಬ ತೊಳೆದೆ. ತಳದಲ್ಲಿ ಒಂದು ಲೋಟದಷ್ಟು ಇತ್ತೇನೋ."

ದಫಿನಾ ಬಕೆಟ್ ಅವನ ಮುಂದಿಟ್ಟಳು. "ಒಂದು ಲೋಟಕ್ಕೆ ಇಷ್ಟು. ಈ ತೊಟ್ಟಿ ಬಿಟ್ಟಿದ್ರೆ ಕೆಳಗಿನ ಡ್ಯಾಮಿನವರೆಗೂ ಏನೂ ಉಳೀತಿರ್ಲಿಲ್ಲ."

ವೆಲ್ಕೊ ಬಕೆಟ್ಟಿನೊಳಗೆ ನೋಡಿದ. ಬಿರಟೆಯಿಂದ ಕೈಯನ್ನು ಹಾವು ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ. ಅವನಷ್ಟು ಬಾಯಾಳಿ ನಮ್ಮೂರಲ್ಲಿ ಬೇರೆ ಇಲ್ಲ. ಆದರೆ ಆಗ ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ನಾನೂ ಅಣ್ಣನೂ ಚಿಕ್ಕವರಿದ್ದಾಗ ಇವನ್ನ ಹಿಡಿದು ಓಡಿಸ್ತಿದ್ವಿ, ಯಾವುದು ಮುಂದೆ ಹೋಗುತ್ತೆ ಅಂತ," ಎಂದ ಕೊನೆಗೆ. "ನಂಗೆ ಗೊತ್ತಿರ್ಲಿಲ್ಲ ಅತ್ತಿಗೆ. ದೇವರಾಣೆ ಗೊತ್ತಿರ್ಲಿಲ್ಲ."

"ಡಬ್ಬದ ಮೇಲೆ ಬರೆದಿದೆ."

"ಕನ್ನಡಕ ಹಾಕ್ಕೊಂಡು ಯಾರು ಓದ್ತಾರೆ?"

"ಕಚೇರಿಗೆ ನಾನು ತಿಳಿಸ್ಲೇಬೇಕು ವೆಲ್ಕೊ. ನೀನು ಮೈದುನ ಅಂತ ಮುಚ್ಚಿಡಕ್ಕಾಗಲ್ಲ."

"ನಂಬರ್ ಕೊಡು, ನಾನೇ ಹೇಳ್ತೀನಿ. ನೀನು ಹೇಳಿದ್ರೆ ಇನ್ನೂ ನಾಲ್ಕು ಸೇರಿಸ್ತೀಯ."

ಫೋನಿನಲ್ಲಿ ಅವನು ಏನನ್ನೂ ಮರೆಮಾಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಟ್ಯಾಂಕರ್ ಬಂದು ತೊಟ್ಟಿಯ ನೀರನ್ನೆಲ್ಲ ಹೀರಿಕೊಂಡು ಹೋಯಿತು. ಕಾಲುವೆಯ ಬಾಯಿಗೆ ವೆಲ್ಕೊ ತಾನೇ ಮಣ್ಣಿನ ಒಡ್ಡು ಹಾಕಿದ. ದಂಡವನ್ನೂ ಕಟ್ಟಿದ. ಬೈದುಕೊಂಡೇ ಕಟ್ಟಿದ, ಆದರೆ ಬೈದದ್ದು ತನ್ನನ್ನೇ. ಎರಡು ವಾರದ ಮೇಲೆ ದಫಿನಾ ಸೀಗಡಿ ಕಳಿಸಿದ್ದ ಪ್ರಯೋಗಾಲಯದಿಂದಲೂ ಪತ್ರ ಬಂತು: ಸತ್ತ ಸೀಗಡಿಗಳಲ್ಲಿ ರೋಗದ ಸುಳಿವಿಲ್ಲ. ದಫಿನಾ ಆ ಪತ್ರವನ್ನು ನನ್ನ ಅಂಗಡಿಯಲ್ಲೇ ನಿಂತು ನನಗೆ ಎರಡು ಸಲ ಓದಿ ಹೇಳಿದಳು. ಆಮೇಲೆ ಮನೆಗೆ ಹೋಗಿ ಸಂಜೆಯವರೆಗೂ ಮಲಗಿದಳು. ಅಷ್ಟು ದಿನ ಅವಳಿಗೆ ಸರಿಯಾಗಿ ನಿದ್ದೆಯೇ ಬಂದಿರಲಿಲ್ಲವಂತೆ.

ಮೇಲಿನ ಹೊಳೆ ಬದುಕಿದ್ದರಿಂದ ಕೆಳಗಿನದು ತುಂಬಿಕೊಂಡಿತು. ಆಗಸ್ಟಿನಲ್ಲಿ ನೀರಿನ ಜೊತೆ ತೇಲಿಬಂದ ನೊಣದ ಮರಿಗಳು ಗಿರಣಿಯ ಬಳಿಯ ಕಲ್ಲುಗಳಿಗೆ ಹತ್ತಿದವು. ಸೀಗಡಿಗಳು ನಿಧಾನದವು, ಅವು ನಡೆದೇ ಬರಬೇಕು. ಮರುವರ್ಷದ ಬೇಸಿಗೆಯಲ್ಲಿ ಒಂದು ದಿನ ವೆಲ್ಕೊ ವಾಲ್ನಟ್ ಮರದ ಕೆಳಗೆ ನಿಂತು ಊರಿಗೇ ಕೇಳುವಂತೆ ಕೂಗಿದ. ನಾವಿಬ್ಬರೂ ಓಡಿದೆವು. ಅವನು ಕಲ್ಲೊಂದನ್ನು ಓರೆಯಾಗಿ ಎತ್ತಿ ಹಿಡಿದಿದ್ದ. ಅದರಡಿ ಒಂದು ಹೆಣ್ಣು ಸೀಗಡಿ, ಬಾಲವನ್ನು ಮಡಿಚಿಕೊಂಡಿತ್ತು. ಮಡಿಕೆಯೊಳಗೆ ಇರುವೆಯಷ್ಟೇ ಇದ್ದ ಮರಿಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು.

"ಎಷ್ಟಿವೆ ಅತ್ತಿಗೆ?" ಎಂದು ಪಿಸುಗುಟ್ಟಿದ.

"ನಲವತ್ತರ ಮೇಲಿದಾವೆ. ಕಲ್ಲು ಇಳಿಸು, ಮೆಲ್ಲಗೆ."

ಅವನು ಉಸಿರು ಬಿಗಿಹಿಡಿದು, ಕಲ್ಲನ್ನು ಇದ್ದಲ್ಲೇ ಇಳಿಸಿದ.