ಗೆಂಡೆಹಳ್ಳಿಯ ನಗೆಕಲ್ಲಮ್ಮ

ನನ್ನ ಹೆಂಡತಿ ಯದುಗಿರಿ ಮೂರು ಬಗೆಯ ಪುಸ್ತಕ ಬರೆಯುತ್ತಾಳೆ. ನಗಿಸುವಂಥವು, ಮಕ್ಕಳಿಗಾಗಿ ಬರೆದವು, ಮತ್ತೆ ಸಂಸಾರದ ಕತೆಗಳು. ನಗಿಸುವ ಪುಸ್ತಕಗಳಲ್ಲಿ ಹೋದಹೋದಲ್ಲೆಲ್ಲ ಕೊಡೆ ಮರೆತು ಬರುವ ಒಬ್ಬ ಗಂಡನಿದ್ದಾನೆ. ನಮ್ಮೂರು ಅರಸೀಕೆರೆಯ ಕೊಬ್ಬರಿ ಮಂಡಿಯವರು ನನ್ನನ್ನು ಕಂಡರೆ, "ಅನಂತರಾಮು ಅವ್ರೆ, ಕೊಡೆ ಐತಾ?" ಎಂದೇ ಮಾತು ಶುರುಮಾಡುತ್ತಾರೆ. ನನಗೇನೂ ಬೇಸರವಿಲ್ಲ. ಇನ್ನೊಬ್ಬರ ನಗುವಿಗೆ ನೆಪವಾಗುವುದೂ ಒಂದು ಸೇವೆಯೇ.

ಕತೆ ಮುಗಿದ ದಿನ ಅವಳು ಮೊದಲು ದೇವರ ಮುಂದೆ ಕೂತು ಗಟ್ಟಿಯಾಗಿ ಓದುತ್ತಾಳೆ. ಆಮೇಲೆ ನನ್ನ ಸರದಿ. "ದೇವರು ಪೂರ್ತಿ ಕೇಳಿಸ್ಕೊಂಡಿದ್ದಾನೆ. ನೀವು ಮಧ್ಯೆ ಆಕಳಿಸಬೇಡಿ" ಎನ್ನುತ್ತಾಳೆ.

ಗೌರಿಹಬ್ಬ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ಗೆಂಡೆಹಳ್ಳಿಯ ಜವರಣ್ಣ ಎಂಬ ರೈತರು ನಮ್ಮ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಯದುಗಿರಿಯ ಮಕ್ಕಳ ಪುಸ್ತಕ. ಮೊಮ್ಮಗಳು ಶಾಲೆಯಿಂದ ತಂದು ಮನೆಮಂದಿಗೆಲ್ಲ ಓದಿ ಹೇಳಿದ್ದಳಂತೆ.

ಆ ಪುಸ್ತಕದಲ್ಲಿ ನಗೆಕಲ್ಲಮ್ಮ ಎಂಬ ದೇವರಿದೆ. ಗೆಂಡೆಹಳ್ಳಿಯ ದಾರಿಯಲ್ಲಿ ಗೋಣಿಮರದ ಕೆಳಗಿನ ಒಂದು ಕಲ್ಲು. ಮಾತು ಬಿಟ್ಟ ಒಡಹುಟ್ಟಿದವರು ಅದರ ಮುಂದೆ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರ ಬಾಲ್ಯದ ತುಂಟತನವನ್ನು ಇನ್ನೊಬ್ಬರು ಸರದಿಯಂತೆ ಹೇಳಬೇಕು. ಮೊದಲು ನಕ್ಕವರು ಸೋತರು. ಗೆದ್ದವರು ಸೋತವರ ಮನೆಗೆ ಊಟಕ್ಕೆ ಹೋಗಬೇಕು.

"ಗೋಣಿಮರ ಐತೆ ಅಮ್ಮಾವ್ರೆ, ಅದರ ಬುಡದಾಗೆ ಬರೀ ಪೊದೆ. ಕಲ್ಲು ಎಲ್ಲೈತೆ ಅಂತ ಹೇಳ್ಬೇಕು ನೀವು" ಎಂದರು ಜವರಣ್ಣ.

ಅವರ ಕಷ್ಟ ಇದು. ಮಗಳ ಮದುವೆಯಲ್ಲಿ ಸೋದರತ್ತೆ ಎತ್ತಬೇಕಾದ ಆರತಿಯನ್ನು ಗಡಿಬಿಡಿಯಲ್ಲಿ ಬೇರೆ ಯಾರೋ ಎತ್ತಿಬಿಟ್ಟಿದ್ದರು. ಜಾವಗಲ್ಲಿಗೆ ಕೊಟ್ಟಿದ್ದ ಅಕ್ಕ ಕೆಂಪಲಕ್ಷ್ಮಮ್ಮ ಊಟ ಮಾಡದೆ ಎದ್ದು ಹೋದರು. ಅಂದಿನಿಂದ ಪ್ರತಿ ಗೌರಿಹಬ್ಬಕ್ಕೂ ತವರಿನ ಬಾಗಿನ ಕಳಿಸಿದ ಹಾಗೇ ವಾಪಸು ಬರುತ್ತಿತ್ತು.

"ಈಗ ಕಲ್ಲಮ್ಮನ ತಾವ ಬಾ ಅಂತ ಹೇಳಿ ಕಳಿಸಿವ್ನಿ. 'ದೇವ್ರ ತಾವ ಅಂದ್ರೆ ಬತ್ತೀನಿ, ನಿನ್ ಹೊಸಿಲು ಮಾತ್ರ ತುಳಿಯಾಕಿಲ್ಲ' ಅಂದವ್ಳೆ. ಸೋಮವಾರ ಬತ್ತಾಳೆ. ಅಲ್ಲಿ ಕಲ್ಲೇ ಇಲ್ದಿದ್ರೆ, ತಮ್ಮ ಇನ್ನೊಂದ್ಸಲ ಅವಮಾನ ಮಾಡ್ದ ಅಂತಾಳೆ. ಆಮೇಲೆ ಮುಗೀತು."

ಯದುಗಿರಿಯ ಮುಖ ಬಾಡಿತು. ಹಿಂದೊಮ್ಮೆ ಬಸ್ಸು ಕೆಟ್ಟು ನಿಂತಾಗ ಅವಳು ಆ ಮರವನ್ನು ಕಂಡಿದ್ದಳು. ಕತೆಯಲ್ಲಿ ಅದರ ಕೆಳಗೆ ಕಲ್ಲನ್ನು ಇಟ್ಟವಳು ಅವಳೇ.

"ಜವರಣ್ಣ, ಆ ಕಲ್ಲು ಇಲ್ಲ. ಅದು ನಾನು ಕಟ್ಟಿದ ಕತೆ."

ಜವರಣ್ಣ ಅವಳನ್ನೇ ನೋಡಿದರು. "ಕತೆ ಅಂತ ಗೊತ್ತು ಕಣವ್ವಾ. ಕಲ್ಲು ಎಲ್ಲೈತೆ ಅಂತ ಕೇಳ್ದೆ."

"ಸೋಮವಾರ ನಾನೂ ಬರ್ತೀನಿ. ನಿಮ್ಮಕ್ಕನ ಹತ್ರ ತಪ್ಪು ನಂದು ಅಂತ ನಾನೇ ಹೇಳ್ತೀನಿ" ಎಂದಳು.

ಸೋಮವಾರ ಬೇಲೂರಿನ ಬಸ್ಸು ಹತ್ತಿದೆವು. ಜಾವಗಲ್ಲಿನಲ್ಲಿ ಹತ್ತಿದ ಒಬ್ಬ ಹಿರಿಯ ಹೆಂಗಸು ಯದುಗಿರಿಯ ಪಕ್ಕ ಕೂತರು. ಮಡಿಲಲ್ಲಿ ತೆಂಗಿನಕಾಯಿ, ಅರಿಸಿನ, ಕುಂಕುಮ. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸುತ್ತಾ, "ಗೆಂಡೆಹಳ್ಳಿಗೆ ಹೋಗ್ಬೇಕು, ಬೇಲೂರ್ ತಂಕ ಕೊಡಪ್ಪ. ಪುಕ್ಸಟ್ಟೆ ಅಂತ ದಾರೀಲಿ ಇಳಿಸ್ಬೇಡ" ಎಂದರು.

ಯದುಗಿರಿ ನನ್ನ ಕಡೆ ತಿರುಗಿ ನೋಡಿ, ಮೆಲ್ಲಗೆ ಕೇಳಿದಳು. "ಕೆಂಪಲಕ್ಷ್ಮಮ್ಮನೋರಾ?"

"ಹೂಂ. ನೀವ್ಯಾರು?"

"ನಗೆಕಲ್ಲಮ್ಮನ ಕತೆ ಬರೆದೋಳು. ಅಮ್ಮಾ, ನಿಮಗೆ ನಿಜ ಹೇಳ್ಬೇಕು. ಆ ಕಲ್ಲನ್ನ ನಾನೇ ಕಲ್ಪಿಸ್ಕೊಂಡು ಬರೆದದ್ದು. ಅಲ್ಲೇನೂ ಇಲ್ಲ. ನಿಮ್ಮ ತಮ್ಮಂದೇನೂ ತಪ್ಪಿಲ್ಲ."

ಕೆಂಪಲಕ್ಷ್ಮಮ್ಮ ಕಿಟಕಿಯಾಚೆ ನೋಡುತ್ತಾ ಕೂತರು. ಬಸ್ಸು ಹಳೇಬೀಡಿನ ದೊಡ್ಡ ಕೆರೆಯನ್ನು ಹಾದು ಹೋಯಿತು. ಆಮೇಲೆ ಸಮಾಧಾನವಾಗಿ ಅಂದರು.

"ನೀವು ಬರ್ದಿರಬೋದು. ಕಲ್ಲು ನಮ್ಮಜ್ಜೀದು."

ಯದುಗಿರಿ ನನ್ನ ಕೈ ಹಿಡಿದುಕೊಂಡಳು. ಬೇಲೂರಿನಲ್ಲಿ ಬಸ್ಸು ಬದಲಿಸಿ ಗೆಂಡೆಹಳ್ಳಿಯಲ್ಲಿ ಇಳಿಯುವವರೆಗೂ ಬಿಡಲಿಲ್ಲ.

ಗೋಣಿಮರದ ಕೆಳಗೆ ಜವರಣ್ಣ ಕಾಯುತ್ತಿದ್ದರು. ಅಕ್ಕ ಅವರತ್ತ ನೋಡಲೇ ಇಲ್ಲ. ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಮರದ ಹಿಂದಿನ ಪೊದೆಗೆ ಹೋಗಿ ಕೋಲಿನಿಂದ ಬಳ್ಳಿ ಸರಿಸಿದರು. ಅಲ್ಲಿ ಮೊಳಕಾಲೆತ್ತರದ ಒಂದು ಕರಿಯ ಕಲ್ಲಿತ್ತು. ನೆತ್ತಿಯ ಮೇಲೆ ಸವೆದ ಗುಳಿ. ಕೆಂಪಲಕ್ಷ್ಮಮ್ಮ ನೀರು ಹಾಕಿ ತೊಳೆದು ಅರಿಸಿನ ಬಳಿದರು. ನೋಡನೋಡುತ್ತಿದ್ದಂತೆ ಕಲ್ಲಿಗೊಂದು ಮುಖ ಬಂದಂತಾಯಿತು. ನಾವಿಬ್ಬರೂ ಚಪ್ಪಲಿ ಬಿಟ್ಟೆವು.

ಜವರಣ್ಣ ಬಗ್ಗಿ ನೋಡಿದರು. "ಅಕ್ಕ, ಇದು ನಾವು ಹುಣಸೆಬೀಜ ಕುಟ್ತಿದ್ದ ಕಲ್ಲಲ್ವಾ?"

"ಬಾಯ್ ಮುಚ್ಕೊಂಡು ಬೆನ್ನು ಕೊಡ್ಲಾ."

ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಅಷ್ಟರಲ್ಲಿ ಮಳೆ ಹನಿಯತೊಡಗಿತು. ನಾನು ಕೊಡೆ ಬಿಚ್ಚಿ ಅವರ ತಲೆಯ ಮೇಲೆ ಹಿಡಿದು ನಿಂತೆ.

"ಅಪ್ಪನ ಚಡ್ಡಿಗೆ ಹುರಿ ಬಿಗ್ದು ಇಸ್ಕೂಲಿಗೆ ಹೋದೋನು ಯಾರ್ಲಾ?" ಎಂದರು ಅಕ್ಕ. ದನಿಯಲ್ಲಿ ಇನ್ನೂ ಸಿಟ್ಟಿತ್ತು.

"ದೇವ್ರಿಗೆ ಇಟ್ಟ ತಂಬಿಟ್ಟು ತಿಂದು, ಇಲಿ ತಿಂತು ಅಂದೋಳು ಯಾರು?"

"ಆ ಇಲೀನ ಹಿಡೀತೀನಿ ಅಂತ ಬೋನು ಇಟ್ಟೋನು ಯಾರು? ಬೋನಿನಾಗಿರೋ ಕೊಬ್ರಿಗೆ ಆಸೆಪಟ್ಟು ಬೆರಳು ಸಿಗಿಸ್ಕೊಂಡೋನು ಯಾರು? ಊರೆಲ್ಲ ಕೇಳಂಗೆ, ಅಕ್ಕಾ ನಾನೇ ಬಿದ್ದೆ, ಅಂತ ಅತ್ತೋನು ಯಾರ್ಲಾ?"

ಜವರಣ್ಣನ ಭುಜ ಕುಲುಕಿತು. ತುಟಿ ಬಿಗಿಹಿಡಿದು ನೋಡಿದರು, ಆಗಲಿಲ್ಲ. ನಗು ಒಡೆದು ಬಂತು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡು, "ಆವತ್ತು ಆರತಿ ತಟ್ಟೆ ನಿನ್ ಕೈಗೇ ಕೊಡ್ಬೇಕಿತ್ತು ಕಣಕ್ಕ" ಎಂದರು.

ಕೆಂಪಲಕ್ಷ್ಮಮ್ಮ ಒರಗಿಸಿದ ಬೆನ್ನು ತೆಗೆಯದೆ ಅಂದರು.

"ನಾನು ಗೆದ್ದೆ. ಗೆದ್ದೋರು ಉಣ್ಣಾಕೆ ಹೋಗ್ಬೇಕಂತೆ. ಬರ್ದೋರೇ ಕೂತವ್ರೆ ಇಲ್ಲಿ, ಇನ್ನೇನ್ ಮಾಡಾದು. ನಡಿ."

ಜವರಣ್ಣ ಮರದ ಮರೆಯಲ್ಲಿ ಬಾಗಿನದ ಮೊರ ಇಟ್ಟುಕೊಂಡೇ ಬಂದಿದ್ದರು. ಅಕ್ಕ ಅದನ್ನು ಸೆರಗೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಯದುಗಿರಿ ಮೆಲ್ಲಗೆ ಕೇಳಿದಳು. "ನಿಮ್ಮಜ್ಜಿ ನಿಜವಾಗ್ಲೂ ಈ ಕಲ್ಲಿಗೆ ಪೂಜೆ ಮಾಡ್ತಿದ್ರಾ ಅಮ್ಮಾ?"

"ಬೀಜ ಕುಟ್ಟಾಕೆ ಮುಂಚೆ ಕೈ ಮುಗೀತಿದ್ಲು. ದಿನಾ."

ಅವರಿಬ್ಬರೂ ಮುಂದೆ ನಡೆದರು. ನಮ್ಮನ್ನೂ ಊಟಕ್ಕೆ ಕರೆದಿದ್ದರು. ಯದುಗಿರಿ ಮಾತ್ರ ಕಲ್ಲಿನ ಮುಂದಿಂದ ಏಳಲಿಲ್ಲ. ನಗುವಿಗೆ ಒಂದು, ಮಕ್ಕಳಿಗೆ ಒಂದು, ಸಂಸಾರಕ್ಕೆ ಒಂದು ಎಂದು ಇಷ್ಟು ವರ್ಷ ಬೇರೆಬೇರೆ ಪುಸ್ತಕ ಬರೆದವಳು, ಮೂರೂ ಒಂದೇ ಕಲ್ಲಿನ ಮುಂದೆ ಕೂತು ಎದ್ದುಹೋದದ್ದನ್ನು ಕಂಡಿದ್ದಳು. "ನಾನು ಇಟ್ಟೆ ಅಂದ್ಕೊಂಡಿದ್ದೆ ಕಣ್ರೀ" ಎಂದಳು. ಆಮೇಲೆ ಹಣೆ ನೆಲಕ್ಕೆ ತಾಗಿಸಿದಳು. ನಾನೂ ಕೈಮುಗಿದೆ.

ಊಟ ಮುಗಿಸಿ ವಾಪಸು ಬರುವಾಗ ಬಸ್ಸಿನ ಗಾಜಿಗೆ ಮಳೆ ಬಡಿಯುತ್ತಿತ್ತು. ಯದುಗಿರಿ ನನ್ನ ಖಾಲಿ ಕೈಗಳನ್ನು ನೋಡಿದಳು.

"ಕೊಡೆ ಎಲ್ಲಿ?"

ಕೈಮುಗಿಯಲು ಎರಡೂ ಕೈ ಬೇಕಲ್ಲ. ಬಿಚ್ಚಿದ ಕೊಡೆಯನ್ನು ಕಲ್ಲಿಗೆ ಒರಗಿಸಿದ್ದು ಆಗ ನೆನಪಾಯಿತು. ಇನ್ನೊಂದು ಪುಸ್ತಕಕ್ಕೆ ವಸ್ತುವಾದೆ ಎಂದುಕೊಂಡು ತಲೆ ತಗ್ಗಿಸಿದೆ. ಆದರೆ ಅವಳು ನಗಲಿಲ್ಲ.

"ಇರಲಿ ಬಿಡಿ. ಅಮ್ಮ ನೆನೀತಿದ್ಲು."