ಕಣಜದ ಕೋಣೆಯ ಪಾಠ

ದೀಪಾವಳಿಯ ಸೂಟಿ ಮುಗಿದು ಸಾಲೆ ತೆರೆದ ದಿನವೇ ಬಾಳವ್ವ ಅಕ್ಕೋರು ಕೌಜಲಗಿಯ ಹೆಣ್ಣುಮಕ್ಕಳ ಸಾಲೆಯ ಕಟ್ಟೆಗೆ ತಾಯಂದಿರನ್ನೆಲ್ಲ ಕರೆಸಿದ್ದರು. ಅವರದು ಅದೊಂದು ಹಠ. ಮಗಳು ಏನು ಕಲಿಯುತ್ತಾಳೆಂದು ತಾಯಿಗೆ ತಿಳಿದಿದ್ದರೆ ಸುಗ್ಗಿ ಬಂತೆಂದು ಅವಳನ್ನು ಸಾಲೆ ಬಿಡಿಸಲಾರಳು ಎಂದು ಅವರು ನಂಬಿದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಧಾರವಾಡಕ್ಕೆ ಹೋಗಿ ಕಲಿತು ಬಂದ ಹೆಣ್ಣುಮಗಳ ನಂಬಿಕೆ ಅದು. ಊರವರು ಅದಕ್ಕೆ ಎದುರಾಡುತ್ತಿರಲಿಲ್ಲ.

ಕಾಶೆವ್ವ ಎಲ್ಲರಿಗಿಂತ ಹಿಂದೆ, ಕಂಬಕ್ಕೊರಗಿ ಕುಳಿತಿದ್ದಳು. ಅವಳಿಗೆ ಬರುವ ಮನಸ್ಸೇ ಇರಲಿಲ್ಲ. ಆವತ್ತು ಬೆಳಗ್ಗೆ ಜೋಳ ತೆಗೆಯಲು ಹೋದಾಗ ಕಣಜದ ಬುಡದಲ್ಲಿ ಇಲಿಯೊಂದು ಸತ್ತು ಬಿದ್ದಿತ್ತು. ಬೆಕ್ಕು ಹಿಡಿದ ಗುರುತಿರಲಿಲ್ಲ. ಕಸದ ಜೊತೆ ಮೊರಕ್ಕೆ ಬಳಿದುಕೊಂಡು ತಿಪ್ಪೆಗೆ ಒಯ್ದು, ಮೇಲೆ ಬೂದಿ ಸುರುವಿ, ಯಾರೂ ನೋಡಲಿಲ್ಲವಷ್ಟೇ ಎಂದು ಸುತ್ತ ನೋಡಿ ಬಂದಿದ್ದಳು. ಗಂಡ ಮುರಿಗೆಪ್ಪನಿಗೂ ಹೇಳಿರಲಿಲ್ಲ. ಹೇಳಿದರೆ ಓಣಿಗೆ ಗೊತ್ತಾಗುತ್ತದೆ. ಇಲಿ ಬಿದ್ದರೆ ಪ್ಲೇಗು ಬಂದಂತೆ; ಆ ಮನೆಯವರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು. ಮನೆಯಲ್ಲಿ ನೋಡಿದರೆ ಹಿರಿಮಗಳು ಕೆಂಚವ್ವ ಚೊಚ್ಚಲ ಹೆರಿಗೆಗೆಂದು ಬಂದು ಕುಳಿತಿದ್ದಾಳೆ. ಇಂದೋ ನಾಳೆಯೋ ಎನ್ನುವಂತಿದೆ. ತುಂಬಿದ ಬಸುರಿ ಊರ ಅಗಸಿಯ ಬಾಗಿಲು ದಾಟಬಾರದೆಂಬುದು ಹಿರಿಯರ ಮಾತು. ದಾಟಿದರೂ ಈ ಚಳಿಯಲ್ಲಿ, ಬಯಲಿನಲ್ಲಿ, ಹಸಿಗೂಸು ಉಳಿದೀತೆ?

"ಈ ಸಲ ಪಾಠ ಎಲ್ಲಾ ಮನಿಯಿಂದನ ಸುರು ಆಗತಾವ್ರಿ," ಎಂದರು ಅಕ್ಕೋರು. "ಲೆಕ್ಕದಾಗ ಅಳತಿ ಬರತೈತಿ. ಪ್ರತಿ ಹುಡಿಗಿ ತನ್ನ ಮನಿ ಉದ್ದ ಅಗಲ ಅಳಕೊಂಡು ಬರಬೇಕು."

"ನಮ್ಮ ಮನಿ ಅಳ್ಯಾಕ ಹುಡಿಗಿ ಯಾಕ ಬೇಕ್ರಿ ಅಕ್ಕೋರ?" ಎಂದಳು ನೆರೆಮನೆಯ ಯಮನವ್ವ. "ನಮ್ಮತ್ತಿ ಒಬ್ಬಾಕಿ ಕಾಲು ಚಾಚಿದ್ರ ಆತು, ಮನಿ ಮುಗೀತು!"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅಕ್ಕೋರಿಗೂ ನಗು ಬಂತು. ಕಾಶೆವ್ವ ನಗಲಿಲ್ಲ. ಅಳತೆ ಎಂಬ ಮಾತಿಗೇ ಅವಳು ಕಂಬ ಬಿಟ್ಟು ನೆಟ್ಟಗೆ ಕುಳಿತಿದ್ದಳು.

"ಭೂಗೋಳದಾಗ ಮನಿ ನಕಾಶಿ ತಗೀಬೇಕ್ರಿ. ಬಾಗಲಾ ಎಲ್ಲಿ, ಕಿಡಕಿ ಎಲ್ಲಿ, ಯಾವ ಕೋಲಿ ಎಲ್ಲಿ, ಎಲ್ಲಾ. ನಿಬಂಧದಾಗ, ಮನ್ಯಾಗ ಯಾರ್ಯಾರು ಅದಾರ, ಹೊಸದಾಗಿ ಯಾರು ಎಲ್ಲಿಂದ ಬಂದಾರ ಅಂತ ಬರೀಬೇಕು. ಆಮ್ಯಾಲ ಆರೋಗ್ಯ. ಗಾಳಿ, ಬೆಳಕು, ಕುಡಿಯೂ ನೀರು. ಇಲಿ, ಚಿಗಟ."

ಅಕ್ಕೋರು ಮುಂದೆ ಹೊಲಿಗೆಯ ಬಗ್ಗೆ, ಹಾಡಿನ ಬಗ್ಗೆ ಏನೋ ಹೇಳುತ್ತಿದ್ದರು. ಕಾಶೆವ್ವನಿಗೆ ಕೇಳಿಸಲಿಲ್ಲ. ಅವಳು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಈ ಪ್ರಶ್ನೆಗಳನ್ನು ಅವಳು ಹಿಂದೊಮ್ಮೆ ಕೇಳಿದ್ದಳು. ಇದೇ ಸಾಲಿನಲ್ಲಿ, ಒಂದರ ಹಿಂದೆ ಒಂದು.

ಅದು ಹುಕ್ಕೇರಿಯಲ್ಲಿ, ಅವಳ ತವರುಮನೆಯಲ್ಲಿ. ಅವಳು ಆಗ ತನ್ನ ಕಿರಿಮಗಳು, ಈಗಿನ ಪಾರವ್ವನಷ್ಟಿದ್ದಳು. ಪ್ಲೇಗಿನ ದೊಡ್ಡ ಬೇನೆ ಮೊದಲ ಸಲ ಈ ಸೀಮೆಗೆ ಕಾಲಿಟ್ಟ ವರ್ಷ. ಅಳತೆಯ ಪಟ್ಟಿ ಹಿಡಿದವನೊಬ್ಬ, ಬರೆದುಕೊಳ್ಳುವವನೊಬ್ಬ, ಹಿಂದೆ ಬೂಟಿನ ಪೋಲೀಸರು. ಮನೆ ಅಳೆದರು. ಕೋಣೆ ಎಷ್ಟು, ಬಾಗಿಲು ಎಷ್ಟು, ಮಂದಿ ಎಷ್ಟು ಎಂದು ಕೇಳಿದರು. ಹೊಸಬರು ಬಂದಿದ್ದಾರೆಯೇ? ಇಲಿ ಬಿದ್ದಿವೆಯೇ? ಅವ್ವನಿಗೆ ಜ್ವರವೆಂದು ಅಜ್ಜಿ ಅವಳನ್ನು ಕಣಜದ ಹಿಂದೆ, ಕತ್ತಲಲ್ಲಿ, ಗೋಣಿಚೀಲದ ಮೇಲೆ ಮಲಗಿಸಿ ಮುಚ್ಚಿಟ್ಟಿದ್ದಳು. ಆದರೂ ಸಿಕ್ಕಳು. ಅವರು ಕಂದೀಲು ಹಿಡಿದು ಕಂಕುಳು ನೋಡಿದರು. ಬಾಗಿಲಿಗೆ ಡಾಂಬರು ಬಳಿದರು. ಮಾಳಿಗೆಯನ್ನು ಒಡೆದು ಒಳಗೆ ಬಿಸಿಲು ಬಿಟ್ಟರು. ರೋಗಿಗಳನ್ನಿಡುವ ಊರಾಚೆಯ ತಟ್ಟಿಯ ಮನೆಗೆ ಗಾಡಿಯಲ್ಲಿ ಹೋದ ಅವ್ವ ತಿರುಗಿ ಬರಲಿಲ್ಲ. ಅವ್ವನನ್ನು ಕೊಂದದ್ದು ಆ ಅಳತೆಯೇ ಎಂದು ಕಾಶೆವ್ವ ಆಗಲೇ ತೀರ್ಮಾನಿಸಿದ್ದಳು. ಮದುವೆಯಾಗಿ ಕೌಜಲಗಿಗೆ ಬಂದ ಮೇಲೂ ಹೊಲದ ಮೋಜಣಿಗೆಂದು ಯಾರಾದರೂ ಸರಪಳಿ ಹಿಡಿದು ಬಂದರೆ ಬಾಗಿಲು ಹಾಕಿಕೊಂಡು ಒಳಗೆ ಕುಳಿತುಬಿಡುತ್ತಿದ್ದಳು.

ಈಗ ಸರಕಾರದವರು ಪೋಲೀಸರನ್ನು ಕಳಿಸುತ್ತಿಲ್ಲ. ಮನೆಯ ಮಕ್ಕಳ ಕೈಗೇ ಪಟ್ಟಿ ಕೊಡುತ್ತಿದ್ದಾರೆ. ಅಕ್ಕೋರು ಒಳ್ಳೆಯವರೇ ಇರಬಹುದು. ಆದರೆ ಆ ನಕಾಶೆ ಅಕ್ಕೋರ ಹತ್ತಿರವೇ ಉಳಿಯುತ್ತದೆಂದು ಯಾರು ಹೇಳಬೇಕು?

ಮನೆಗೆ ಬಂದವಳೇ ಪಾರವ್ವನ ಕೈಯ ಪಾಟಿಯನ್ನು ಕಸಿದುಕೊಂಡು ಗೋಡೆಯ ಮಾಡದಲ್ಲಿಟ್ಟಳು.

"ನಾಳಿಂದ ಸಾಲಿಗೆ ಹೋಗಬ್ಯಾಡ."

"ಯಾಕ ಬೇ?"

"ಅಕ್ಕಂದು ಬಾಣಂತನ ಐತಿ. ಮನ್ಯಾಗ ಕೈ ಬೇಕು."

"ಅಕ್ಕ ಇನ್ನೂ ಹಡದ ಇಲ್ಲಲ್ಲ!"

"ನಿನ್ನ ಕೇಳಿ ಬಿಡಸಬೇಕೇನು? ಬಾಯಿ ಮುಚ್ಚು."

ಮುರಿಗೆಪ್ಪ ಹೊಲದಿಂದ ಬಂದವನು ಮಗಳ ಊದಿಕೊಂಡ ಮುಖ ನೋಡಿ ಕೇಳಿದ. ಹೆಂಡತಿ ಅದೇ ಮಾತು ಹೇಳಿದಳು. ಹೆಂಗಸರ ವಿಚಾರವೆಂದು ಅವನು ಎತ್ತುಗಳಿಗೆ ಮೇವು ಹಾಕಲು ಹೋದ.

ಕೆಂಚವ್ವನಿಗೆ ಕಣಜದ ಕೋಣೆಯಲ್ಲೇ ಹೊರಸು ಹಾಕಿದ್ದರು. ಆ ಮನೆಯಲ್ಲಿ ಬಾಣಂತನವೆಲ್ಲ ನಡೆದದ್ದು ಅಲ್ಲಿಯೇ. ಗಾಳಿ ಸುಳಿಯದ ಕತ್ತಲ ಕೋಣೆ, ಮೂರು ಕಡೆ ಕಾಳು ತುಂಬಿದ ಕಣಜ, ಎಂಥ ಚಳಿಗೂ ಬೆಚ್ಚಗಿನ ಜಾಗ. ಕಾಶೆವ್ವ ಎರಡೂ ಹೆಣ್ಣುಮಕ್ಕಳನ್ನು ಅಲ್ಲಿಯೇ ಹಡೆದಿದ್ದಳು. ಈಗ ಆ ಬಾಗಿಲಿಗೆ ಕಂಬಳಿಯನ್ನೂ ಇಳಿಬಿಟ್ಟಳು. ಯಾರು ಬಂದರೂ ಒಳಗೆ ಯಾರಿದ್ದಾರೆಂದು ತಿಳಿಯಬಾರದು.

"ಉಸರ ಕಟ್ಟತೈತಿ ಬೇ," ಎಂದಳು ಕೆಂಚವ್ವ. "ಮತ್ತ ಇಲ್ಲಿ ಏನೋ ಕಡೀತೈತಿ. ಮೀನಗಂಡ ನೋಡು, ಹೆಂಗ ಕೆಂಪಗ ಆಗ್ಯಾವು."

"ಹೊಸಾ ಕಂಬಳಿ. ಅದರ ಕೂದಲಾ ಚುಚ್ಚತಾವ."

ಅದಾದ ಮೇಲೆ ಕಾಶೆವ್ವನಿಗೆ ನೆಮ್ಮದಿ ಬರಬೇಕಿತ್ತು. ಬರಲಿಲ್ಲ. ಓಣಿಯಲ್ಲಿ ಚಪ್ಪಲಿಯ ಸದ್ದಾದರೆ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು. ತಿಪ್ಪೆಯಲ್ಲಿ ಕೋಳಿ ಕೆದಕಿದರೆ ಓಡಿಹೋಗಿ ಅಟ್ಟಿ ಬರುತ್ತಿದ್ದಳು. ಹೊತ್ತಿಗೊಮ್ಮೆ ಕಣಜದ ಬುಡಕ್ಕೆ ಬಗ್ಗಿ ನೋಡುವಳು. ಏನೂ ಕಾಣದಿದ್ದರೆ ಒಂದು ಬಗೆಯ ಹೆದರಿಕೆ, ಏನಾದರೂ ಕಂಡೀತೆಂದು ಇನ್ನೊಂದು ಬಗೆಯದು. ಮಗಳ ಹಣೆಯ ಮೇಲೆ ಕೈಯಿಟ್ಟು ನೋಡುವಳು. "ನಾ ಬಸುರ ಅದೇನಿ, ಜಡ್ಡ ಅಲ್ಲ," ಎಂದು ಕೆಂಚವ್ವ ಕೈ ತಳ್ಳುತ್ತಿದ್ದಳು.

ಸಾಲೆ ತಪ್ಪಿದ ಪಾರವ್ವನಿಗೆ ಹೊತ್ತು ಹೋಗಲಿಲ್ಲ. ಒಂದು ಮಧ್ಯಾಹ್ನ ಅವಳು ಕಂಬಳಿಯ ಒಳಗೆ ನುಸುಳಿ, ಅಕ್ಕನ ಹೊರಸಿನ ಮುಂದೆ ಕಟ್ಟಿಗೆ ಹಿಡಿದು ನಿಂತಳು. ಗೆಳತಿಯರಿಂದ ಕೇಳಿ ಕಲಿತ ಪಾಠವನ್ನು ಅಕ್ಕೋರ ದನಿಯಲ್ಲೇ ಒಪ್ಪಿಸತೊಡಗಿದಳು. ಪಕ್ಕದ ಅಡಿಗೆಮನೆಯಲ್ಲಿ ಕಾಶೆವ್ವ ಬಾಣಂತಿಯ ಖಾರ ಕುಟ್ಟುತ್ತಿದ್ದಳು.

"ಏ ಕೆಂಚವ್ವ, ನೆಟ್ಟಗ ಕುಂಡ್ರು. ಇಲಿ ಯಾವ ಕೋಲ್ಯಾಗ ಹೆಚ್ಚಿರತಾವ?"

"ನೆಟ್ಟಗ ಕುಂಡ್ರಾಕ ಈ ಕೂಸು ಬಿಡಬೇಕಲ್ರಿ ಅಕ್ಕೋರ," ಎಂದು ಕೆಂಚವ್ವ ಹೊಟ್ಟೆ ತೋರಿಸಿ ನಕ್ಕಳು.

"ಉತ್ತರಾ ಹೇಳು! ಗೊತ್ತಿಲ್ಲ? ಕಾಳು ಇರೂ ಕೋಲ್ಯಾಗ, ಗಾಳಿ ಬೆಳಕು ಇಲ್ಲದ ಕೋಲ್ಯಾಗ. ಇಲಿ ಬ್ಯಾನಿ ಹತ್ತಿ ಸಾಯತೈತಿ. ಸತ್ತ ಇಲಿ ಮೈ ತಣ್ಣಗಾಗತೈತಿ. ಆವಾಗ ಅದರ ಮೈಮ್ಯಾಲಿನ ಚಿಗಟ ಬೆಚ್ಚಗಿನ ಮೈ ಹುಡಿಕ್ಕೊಂಡು ಹೊಂಟು, ಬಾಜೂಕ ಮಲಗಿದ ಮನಶಾರನ್ನ ಕಡೀತಾವ. ಕಡದ ಮ್ಯಾಲ ಜ್ವರಾ, ಜ್ವರದ ಕೂಡ ಗಡ್ಡಿ."

ಒನಕೆ ಒರಳಿನಲ್ಲೇ ನಿಂತಿತು.

ಕಾಶೆವ್ವನಿಗೆ ಅವ್ವ ಕಂಡಳು. ಕಣಜದ ಹಿಂದೆ ಗಂಜಿಯ ಬಟ್ಟಲು ಹಿಡಿದುಕೊಂಡು ಹೋಗುತ್ತಿದ್ದವಳು ತಾನೇ. ಮೊದಲ ದಿನ ಅವ್ವನಿಗಿದ್ದದ್ದು ಬರಿಯ ಚಳಿಜ್ವರ, ಪ್ರತಿ ಮಳೆಗಾಲ ಬಂದು ಹೋಗುವಂಥದ್ದು. ಗಡ್ಡೆ ಇರಲಿಲ್ಲ. ತಲೆ ಬಾಚಿಸಿಕೊಳ್ಳುತ್ತ ಅವ್ವ ಕಾಲು ಕೆರೆದುಕೊಂಡಿದ್ದಳು: "ಕಾಶಿ, ಇಲ್ಲಿ ಏನೋ ಕಡೀತೈತಿ ನೋಡು." ಕತ್ತಲಲ್ಲಿ ಏನೂ ಕಂಡಿರಲಿಲ್ಲ. ಅಲ್ಲಿ ಬಚ್ಚಿಟ್ಟ ಮೇಲೆ ಅಲ್ಲವೇ ಗಡ್ಡೆ ಎದ್ದದ್ದು? ಅವ್ವನ ಪಕ್ಕದಲ್ಲಿ ಕುಳಿತು ಕಾಲು ಒತ್ತುತ್ತಿದ್ದ ಸೋದರತ್ತೆ, ಗಟ್ಟಿಮುಟ್ಟಾದ ಹೆಣ್ಣು, ಆಮೇಲೆ ಸತ್ತದ್ದು ಏತಕ್ಕೆ? ಅವಳನ್ನು ಯಾರೂ ಗಾಡಿಯಲ್ಲಿ ಒಯ್ದಿರಲಿಲ್ಲ. ಆ ಸಾವನ್ನು ಕಾಶೆವ್ವ ಇಷ್ಟು ವರ್ಷ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಯವ್ವಾ!" ಪಾರವ್ವ ಒಳಗಿನಿಂದ ಕೂಗಿದಳು. "ಅಕ್ಕನ ಹೊರಸಿನ ಕೆಳಗ ಇಲಿ ಬಿದ್ದೈತಿ! ನೀ ಮುಟ್ಟಬ್ಯಾಡ. ಚಿಮಟಾ ಕೊಡು. ಚಿಮಣಿ ಎಣ್ಣಿನೂ ಕೊಡು."

ಕಾಶೆವ್ವ ಕಂಬಳಿಯನ್ನು ಎಳೆದು ಬಿಸಾಡಿದಳು. ಬೆಳಕು ಒಮ್ಮೆಗೇ ಒಳಗೆ ಹೋಯಿತು. ಹೊರಸಿನ ಮೇಲೆ ಕೆಂಚವ್ವ ಕಾಲು ಮಡಚಿಕೊಂಡು ಕುಳಿತಿದ್ದಳು; ಅವಳ ನಗು ಇನ್ನೂ ಮುಖದ ಮೇಲೆ ಅರ್ಧ ಉಳಿದಿತ್ತು. ಕಾಶೆವ್ವ ಅವಳ ರಟ್ಟೆ ಹಿಡಿದು ಹೊರಗೆ ತಂದು, ಹಿತ್ತಲಿನ ಬಿಸಿಲಿನಲ್ಲಿ ನಿಲ್ಲಿಸಿ, ಸೀರೆ ಬದಲಿಸಿ, ಹಳೆಯದನ್ನು ಕುದಿಯುವ ನೀರಿಗೆ ಹಾಕಿದಳು. ಮಗಳ ಕಂಕುಳು ಮುಟ್ಟಿ ನೋಡಿದಳು, ತೊಡೆಯ ಸಂದು ಮುಟ್ಟಿ ನೋಡಿದಳು, ಆ ಹುಕ್ಕೇರಿಯ ಬೂಟಿನವರು ನೋಡಿದ ಹಾಗೆಯೇ. ಗಡ್ಡೆ ಇರಲಿಲ್ಲ. ಇವತ್ತು ಇಲ್ಲ.

"ಏನಾತು ಬೇ? ಹೇಳಬಾರದ?"

"ಏನಿಲ್ಲ. ನಿಂದ್ರು. ಬಿಸಲಾಗ ನಿಂದ್ರು."

ಪಾರವ್ವ ಇಲಿಯನ್ನು ಚಿಮಟದಲ್ಲಿ ದೂರ ಹಿಡಿದು ತಂದು, ಸೀಮೆಎಣ್ಣೆ ಸುರಿದು, ಪಾಠದಲ್ಲಿದ್ದಂತೆಯೇ ಸುಟ್ಟಳು. ತಾಯಿಯ ಮುಖ ನೋಡಿದ ಮೇಲೆ ಅವಳ ಅಕ್ಕೋರ ದನಿ ಅಡಗಿತ್ತು.

ಮುರಿಗೆಪ್ಪನನ್ನು ಕರೆಸಿ ಕಾಶೆವ್ವ ಎಲ್ಲವನ್ನೂ ಹೇಳಿದಳು, ತಿಪ್ಪೆಯ ಇಲಿಯನ್ನೂ ಸೇರಿಸಿ. ಅವನು ತಿಪ್ಪೆಯತ್ತ ಒಮ್ಮೆ ನೋಡಿ ಹೆಂಡತಿಯ ಕಡೆ ತಿರುಗಿದ.

"ಮೊದಲ ಯಾಕ ಹೇಳಲಿಲ್ಲ?"

"ಅಂಜಿದೆ."

"ಈಗ ಅಂಜಿಕಿ ಹೋತೇನು?"

"ಇಲ್ರಿ. ಈಗ ಹೆಚ್ಚಾಗೈತಿ. ಗಾಡಿ ಹೂಡ್ರಿ."

ಹೊತ್ತು ಇಳಿಯುವ ಮೊದಲೇ ಗಾಡಿ ಹೊರಟಿತು. ಹೊಲದಲ್ಲಿ ಕಾವಲಿನ ಗುಡಿಸಲು ಇತ್ತು. ಸುತ್ತ ಜೋಳದ ದಂಟಿನ ತಟ್ಟಿ ಕಟ್ಟಿದರೆ ಗಾಳಿ ತಡೆದೀತು. ಹೊಸ ಗೋಣಿಯ ಮೇಲೆ, ಪಾರವ್ವನ ಪಕ್ಕದಲ್ಲಿ, ಹೊಟ್ಟೆ ಹಿಡಿದುಕೊಂಡು ಕೆಂಚವ್ವ ಕುಳಿತಿದ್ದಳು. ಗಾಡಿ ಕುಲುಕಿದಾಗಲೆಲ್ಲ ತಾಯಿ ಅವಳ ಹಣೆ ಮುಟ್ಟುವಳು. ತಣ್ಣಗಿತ್ತು. ಮತ್ತೆ ಮುಟ್ಟುವಳು.

ಅಗಸಿಯ ಬಳಿ ಸಾಲೆ ಬಿಟ್ಟು ಬಂದ ಹುಡುಗಿಯರು, ಅವರನ್ನು ಕರೆಯಲು ಬಂದ ಹೆಂಗಸರು, ಛತ್ರಿ ಹಿಡಿದ ಬಾಳವ್ವ ಅಕ್ಕೋರು ಎಲ್ಲ ನಿಂತಿದ್ದರು. ಯಮನವ್ವನ ಬಾಯಿ ಸುಮ್ಮನಿರಲಿಲ್ಲ.

"ಏನ ಕಾಶಿ, ದಿನಾ ತುಂಬಿದ ಮಗಳನ್ನ ಗಾಡ್ಯಾಗ ಕುಂಡ್ರಿಸಿಕೊಂಡು ಯಾವ ಊರ ಬೀಗರ ಮನಿಗೆ ಹೊಂಟಿ? ಇಲ್ಲಿ ಸೂಲಗಿತ್ತಿ ಇಲ್ಲೇನು?"

ಗಾಡಿ ಹಾಗೆಯೇ ಮುಂದೆ ಹೋಗಿಬಿಡಬಹುದಿತ್ತು. ಮುರಿಗೆಪ್ಪ ಎತ್ತು ನಿಲ್ಲಿಸಿರಲಿಲ್ಲ. ಕಾಶೆವ್ವನೇ ಹಗ್ಗಕ್ಕೆ ಕೈ ಹಾಕಿ ನಿಲ್ಲಿಸಿದಳು. ಅಕ್ಕೋರ ಮುಖವನ್ನೇ ನೋಡುತ್ತ, ಪಾಠ ಒಪ್ಪಿಸುವ ಹುಡುಗಿಯಂತೆ, ಗಟ್ಟಿಯಾಗಿ ಹೇಳಿದಳು:

"ನಮ್ಮ ಮನ್ಯಾಗ ಇಲಿ ಬಿದ್ದಾವ್ರಿ. ನಾ ಮುಚ್ಚಿಟ್ಟಿದ್ದೆ."

ಹುಡುಗಿಯರು ಹಿಂದೆ ಸರಿದರು. ಒಬ್ಬಳು ತಾಯಿಯ ಸೀರೆಯಲ್ಲಿ ಮುಖ ಹುದುಗಿಸಿದಳು. ಯಾರಾದರೂ ಕೂಗಾಡುತ್ತಾರೆಂದು, ಬೈಯುತ್ತಾರೆಂದು ಕಾಶೆವ್ವ ಕಾದಳು. ಅಕ್ಕೋರು ಛತ್ರಿ ಮಡಚಿ ಒಂದು ಹೆಜ್ಜೆ ಮುಂದೆ ಬಂದರು, ಬಾಯಿ ತೆರೆದರು. ಅಷ್ಟರಲ್ಲಿ ಯಮನವ್ವನ ಕೈಯ ಬುಟ್ಟಿ ನೆಲಕ್ಕೆ ಬಿತ್ತು.

"ನಮ್ಮ ಮನ್ಯಾಗೂ..." ಎಂದಳು ಯಮನವ್ವ. ನಗಿಸುವ ಆ ಬಾಯಿಯಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಕಾಶೆವ್ವ ಯಾವತ್ತೂ ಕೇಳಿರಲಿಲ್ಲ. "ಹಬ್ಬದ ಮುಂಚೇನ ಬಿದ್ದಿತ್ತು. ನಮ್ಮತ್ತಿಗೆ ನಿನ್ನೆಯಿಂದ ಜ್ವರಾ ಬಂದಾವು. ಕಣಜದ ಹಿಂದ ಮಲಗಿಸೇನಿ."

ಅವಳ ಹಿಂದೆ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಕಾಶೆವ್ವ ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ಅವರಾಚೆ, ಸಂಜೆಯ ಹೊಗೆ ಏಳುತ್ತಿದ್ದ ಊರಿನ ಮಾಳಿಗೆಗಳನ್ನು ನೋಡಿದಳು, ಒಂದೊಂದು ಮಾಳಿಗೆಯ ಕೆಳಗೂ ಒಂದೊಂದು ಕತ್ತಲ ಕೋಣೆ. ಕೆಂಚವ್ವ ತಾಯಿಯ ಕೈಯನ್ನು ಬಿಗಿಯಾಗಿ ಹಿಡಿದಳು. ನೋವು ಬಂದು ಹಿಡಿದಳೋ, ಹೆದರಿ ಹಿಡಿದಳೋ, ಕಾಶೆವ್ವನಿಗೆ ತಿಳಿಯಲಿಲ್ಲ.