ಕೇಳದವರಿಗೆ ಸೂತಕವಿಲ್ಲ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕುಮಟಾದ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಎಂಜಿನು ರಿಪೇರಿ ಕಲಿಸುವ ಅಕ್ಕೋರು ನಾನು. ಕಲಿಸಿದರೆ ಮುಗಿಯಲಿಲ್ಲ. ಹತ್ತನೆಯದು ಪಾಸಾದವರನ್ನು ಗ್ಯಾರೇಜು, ವರ್ಕ್‌ಶಾಪು ಎಂದು ಸುತ್ತಿಸಿ, ಯಾರಾದರೂ ಕಲಿಯಲು ಇಟ್ಟುಕೊಳ್ಳಿ ಎಂದು ಹಲ್ಲು ಗಿಂಜುವುದೂ ನನ್ನ ಪಾಲಿಗೇ. ಹುಡುಗರಿಗೆ ಹೇಗೋ ಆಗುತ್ತದೆ. ಹುಡುಗಿಯನ್ನು ಕರೆದುಕೊಂಡು ಹೋದರೆ ಸಾಕು, ಎಲ್ಲರಿಗೂ ಭಟ್ಕಳದ ಬಟ್ಟೆ ಅಂಗಡಿ ನೆನಪಾಗುತ್ತದೆ, ಅಲ್ಲಿಗೆ ಕಳಿಸಿ ಅಕ್ಕೋರೆ ಎನ್ನುತ್ತಾರೆ. ಮೈಯೆಲ್ಲ ಉರಿಯುತ್ತದೆ ನನಗೆ.

ನನ್ನಲ್ಲಿ ಕಲಿತ ಕಾಗಾಲದ ಮಾಲಿನಿ ಸೀರೆ ಮಡಚಿಕೊಂಡು ಕೂರುವ ಪೈಕಿ ಅಲ್ಲ. ಅಜ್ಜ ಕುಪ್ಪನ ಸಣ್ಣ ದೋಣಿಯ ಎಂಜಿನನ್ನು ಬಿಚ್ಚುತ್ತ ಕಟ್ಟುತ್ತಲೇ ಬೆಳೆದವಳು. ಅವಳಿಗಾಗಿ ಹೊನ್ನಾವರ ಬಂದರಿನ ಜಟ್ಟಿಯವರ ಬೆನ್ನು ಹತ್ತಿದ್ದೆ. ದೋಣಿ ಎಂಜಿನಿನ ಕೆಲಸದಲ್ಲಿ ಅವರದು ದೊಡ್ಡ ಹೆಸರು. ಕೊನೆಗೊಮ್ಮೆ ಒಪ್ಪಿದರು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ಮುನ್ನಾದಿನ ಬರಲಿ, ತಮ್ಮ ಸ್ವಂತದ ಹೊಸ ದೋಣಿಯ ಎಂಜಿನನ್ನು ಚಾಲೂ ಮಾಡಿ ತೋರಿಸಲಿ, ಮಾಡಿದರೆ ಕೆಲಸಕ್ಕೂ ಇಟ್ಟುಕೊಳ್ಳುತ್ತೇನೆ, ಐಟಿಐಗೂ ಸೇರಿಸುತ್ತೇನೆ ಎಂದರು. ತಪ್ಪಿದರೆ ಭಟ್ಕಳದ ಹುಡುಗನೊಬ್ಬ ಕಾಯುತ್ತಿದ್ದಾನೆ ಎಂದೂ ಹೇಳಿದರು.

ಜಟ್ಟಿಯವರು ನೇಮದ ಮನುಷ್ಯ. ಸಾವಿನ ಸೂತಕ ಇದ್ದವರು ಹೊಸ ದೋಣಿ ಮುಟ್ಟುವಂತಿಲ್ಲ, ಮುಟ್ಟಿದರೆ ಕಡಲಿನಲ್ಲಿ ಕೇಡು ಎನ್ನುವವರು. ಹೋದ ವರ್ಷ ಸೂತಕ ಮುಚ್ಚಿಟ್ಟು ಕೆಲಸಕ್ಕೆ ಬಂದವನೊಬ್ಬನ ಗುಟ್ಟು ಬೇರೆಯವರಿಂದ ಗೊತ್ತಾಗಿ, ಮತ್ತೆ ಈ ಕಡೆ ತಲೆ ಹಾಕಬೇಡ ಎಂದು ಅಟ್ಟಿದ್ದರಂತೆ.

ಆ ದಿನ ಬೆಳಿಗ್ಗೆ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಮಾಲಿನಿ ನನಗಿಂತ ಮೊದಲೇ ಬಂದು ನಿಂತಿದ್ದಳು. ಬನ್ಸ್ ಕೊಡಿಸಿದರೆ ಮುಟ್ಟಲಿಲ್ಲ. ಪರೀಕ್ಷೆಯ ಹೆದರಿಕೆ ಇರಬೇಕೆಂದು ಎರಡು ಮಾತು ಬೈದು ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಬಸ್ಸು ಊರು ದಾಟುತ್ತಿದ್ದಂತೆ ಅವಳಪ್ಪ ಲಿಂಗಪ್ಪನ ಫೋನು ಬಂತು. ಕುಪ್ಪಜ್ಜ ಮಲಗಿದಲ್ಲೇ ತೀರಿಕೊಂಡಿದ್ದ. ಎಷ್ಟು ಹೊತ್ತಾದರೂ ಏಳದ್ದು ಕಂಡು ಈಗಷ್ಟೇ ಹೋಗಿ ನೋಡಿದ್ದರಂತೆ.

"ಅವಳಿಗೆ ಹೇಳುದು ಬ್ಯಾಡ ಅಕ್ಕೋರೆ," ಎಂದ ಲಿಂಗಪ್ಪ. "ಕೇಳದವರಿಗೆ ಸೂತಕ ಇಲ್ಲ. ಕೆಲಸ ಮುಗಿಸ್ಕಂಡು ಬರ್ಲಿ. ಅವಳು ಬರೋವರೆಗೂ ಅಜ್ಜನ್ನ ಎತ್ತುದಿಲ್ಲ."

ಅವನು ಹೇಳಿದ್ದು ನಮ್ಮ ಕಡೆಯ ಲೆಕ್ಕದಲ್ಲಿ ಸರಿಯೇ. ದೂರದಲ್ಲಿದ್ದವರಿಗೆ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಸೂತಕ. ಆದರೂ ಅಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಹುಡುಗಿಯ ಪಕ್ಕದಲ್ಲಿ ಕೂರುವುದೆಂದರೆ! ಯಾರ ಫೋನು ಎಂದು ಅವಳು ಕೇಳಲಿಲ್ಲ, ಕೇಳದಿದ್ದದ್ದೇ ಪುಣ್ಯ ಎಂದುಕೊಂಡೆ. ಲಿಂಗಪ್ಪನ ಮೇಲೆ ಸಿಟ್ಟು ಬಂತು, ಜಟ್ಟಿಯವರ ಮೇಲೆ ಬಂತು, ಇದೇ ದಿನ ನೋಡಿ ಸತ್ತ ಮುದುಕನ ಮೇಲೂ ಬಂತು. ಬಂದರು ಬರುವವರೆಗೆ ಅವಳ ಮುಖ ನೋಡಲಿಲ್ಲ.

ದೋಣಿಯ ಎಂಜಿನು ಕೋಣೆ ಇಬ್ಬರು ಕೂರುವಷ್ಟೇ ಜಾಗ. ಜಟ್ಟಿಯವರು ಮೆಟ್ಟಿಲ ಮೇಲೆ ಕೈಕಟ್ಟಿ ಕೂತರು. ನಾನು ಅವರ ಹಿಂದೆ ನಿಂತೆ. ಮಾಲಿನಿ ಪೈಪುಗಳನ್ನೆಲ್ಲ ಮುಟ್ಟಿ ನೋಡಿ ಕೀಲಿ ತಿರುಗಿಸಿದಳು. ಎಂಜಿನು ಗರಗರ ತಿರುಗಿತೇ ಹೊರತು ಹಿಡಿಯಲಿಲ್ಲ. ಇನ್ನೊಮ್ಮೆ ತಿರುಗಿಸಿದಳು, ಊಹೂಂ. ನನ್ನ ಪರ್ಸಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಲಿಂಗಪ್ಪನದೇ ಇರಬೇಕೆಂದು ತೆಗೆಯಲಿಲ್ಲ.

ಬ್ಯಾಟರಿ ಇಳಿಯುತ್ತಿದೆ, ಇನ್ನೊಂದೇ ಸಲ ಎಂದರು ಜಟ್ಟಿಯವರು. ಅವಳ ಕೈಯಿಂದ ನಟ್ಟು ತಿರುಗಿಸುವ ಪಾನಾ ಜಾರಿ ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಂಡಳು. ಡೀಸೆಲ್ ಪೈಪಿನ ನಟ್ಟು ಸಡಿಲಿಸಿ ಕೈಪಂಪು ಒತ್ತಿದಳು. ನೊರೆನೊರೆಯಾಗಿ ಡೀಸೆಲ್ ಉಕ್ಕಿತು. ಪೈಪಿನೊಳಗೆ ಗಾಳಿ ಸೇರಿತ್ತು. ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಒತ್ತಿ, ನಟ್ಟು ಬಿಗಿದು, ಕೀಲಿ ತಿರುಗಿಸಿದಳು. ಎಂಜಿನು ಕೆಮ್ಮಿತು, ನಿಂತೇಹೋಯಿತು ಎನ್ನುವಷ್ಟರಲ್ಲಿ ಹಿಡಿಯಿತು. ಇಡೀ ದೋಣಿ ಅದುರಿತು.

"ಆತು," ಎಂದರು ಜಟ್ಟಿಯವರು. "ಸೋಮವಾರದಿಂದ ಬಾ."

ನಾನು ಅವಳ ರಟ್ಟೆ ಹಿಡಿದು, ದೋಣಿ ಕಟ್ಟುವ ಧಕ್ಕೆಯ ಮೇಲೆ ಎಳೆದುಕೊಂಡು ಬಂದೆ. ಹೇಗೆ ಹೇಳುವುದೋ ತಿಳಿಯದೆ, ಅಜ್ಜ ಎಂದು ಶುರು ಮಾಡಿದೆ.

"ಗೊತ್ತು ಅಕ್ಕೋರೆ," ಎಂದಳು. "ಬೆಳಿಗ್ಗೆ ಚಾ ಕೊಡುಕೆ ಹೋದಾಗ ಕೈ ತಣ್ಣಗಿತ್ತು. ಹೊದಿಕೆ ಸರಿ ಮಾಡಿ, ಬಾಗಿಲು ಎಳ್ಕಂಡು ಬಂದೆ. ಯಾರಿಗೂ ಹೇಳ್ಲಿಲ್ಲ."

ಅಪ್ಪ ಮಗಳಿಂದ ಬಚ್ಚಿಟ್ಟದ್ದನ್ನು ಮಗಳು ಅಪ್ಪನಿಗಿಂತ ಮೊದಲೇ ಹೊತ್ತುಕೊಂಡು ಬಂದಿದ್ದಳು. ಅಷ್ಟರಲ್ಲಿ ಅವಳು ತಿರುಗಿ ದೋಣಿಯ ಕಡೆ ನಡೆದಳು. ಎಲ್ಲಿಗೆ, ಸುಮ್ಮನಿರು, ಕೆಲಸ ಸಿಕ್ಕಾಗಿದೆ, ಯಾರಿಗೆ ಗೊತ್ತಾಗುತ್ತದೆ ಎಂದು ತಡೆದೆ.

"ನಾಳೆ ಈ ದೋಣಿ ಮೇಲೆ ಅವ್ರು ಸಮುದ್ರಕ್ಕೆ ಹೋಗುದು ಅಕ್ಕೋರೆ," ಎಂದು ಕೈ ಬಿಡಿಸಿಕೊಂಡಳು.

ಹೋಗಿ ಹೇಳಿಯೇಬಿಟ್ಟಳು. ಜಟ್ಟಿಯವರು ಎಂಜಿನು ನಿಲ್ಲಿಸಿದರು. ಮೇಲೆ ಬಂದು ದೋಣಿಯ ಮೂತಿಯನ್ನೇ ನೋಡುತ್ತ ನಿಂತರು. ಎಲ್ಲ ಹೋಯಿತು ಎಂದುಕೊಂಡೆ, ಕಾಲಿಗೆ ಬೀಳಲೂ ಸಿದ್ಧಳಾದೆ.

ಅವರು ಕೇಳಿದ್ದು ಒಂದೇ, ನೀನು ಅಜ್ಜನ ಕೋಣೆಗೆ ಹೋಗಿ ಬಂದದ್ದನ್ನು ಯಾರಾದರೂ ಕಂಡರೇನು ಎಂದು. ಇಲ್ಲ ಎಂದಳು. ಯಾರೂ ಕಾಣದಿದ್ದರೂ ಬಂದು ಹೇಳಿದೆಯಲ್ಲ ಎಂದು ತಮ್ಮಷ್ಟಕ್ಕೇ ಗೊಣಗಿದರು.

"ದೋಣಿ ಶುದ್ಧ ಮಾಡ್ಸುದು ನನ್ ಕೆಲ್ಸ. ನಾಳೆ ಬ್ಯಾಡ, ನಾಲ್ಕ್ ದಿನ ಬಿಟ್ಟು ಹೊರಡ್ತೆ," ಎಂದರು. "ಸೂತಕ ಕಳ್ದ ಮೇಲೆ ಬಾ. ಭಟ್ಕಳದವನಿಗೆ ಬ್ಯಾಡ ಅಂತ ನಾ ಹೇಳ್ತೆ. ಈಗ ಮನೀಗೆ ಹೋಗಿ ಅಳು, ಮಗಾ."

ಮನೆಯವರೆಗೆ ತಡೆಯಲಿಲ್ಲ. ಅಲ್ಲೇ ಧಕ್ಕೆಯ ಮೇಲೆ ಕುಸಿದು ಕೂತಳು. ಡೀಸೆಲ್ ಹತ್ತಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಅಜ್ಜನಿಗೆ ನಿನ್ನ ಕೆಲಸದ ಮೇಲೇ ಆಸೆ ಇತ್ತು, ಅವನಿಗೆ ಖುಷಿಯೇ ಆಗಿರುತ್ತದೆ ಎಂದು ಏನೇನೋ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ಮನೆಯವ್ರು ಎದ್ರೆ ಎಂತ ಮಾಡುದು ಅಂತ, ಅಜ್ಜಾ ಅಂತ ಒಂದ್ ಸಲ ಕರೀಲೂ ಇಲ್ಲ ಅಕ್ಕೋರೆ ನಾನು," ಎಂದಳು.